ಮನೆ ನೋಡಿದಿರಿ, ಅದರ ಕೆಳಗಿನ ಜಾಗ ನೋಡಿದಿರಾ?

ಕುಮಟಾದಲ್ಲೋ ಅಂಕೋಲೆಯಲ್ಲೋ ಮನೆ ಕೊಳ್ಳಲು ಹೊರಟವರು ಮೊದಲು ಕೇಳುವುದು ರೇಟು. ಆಮೇಲೆ ಬಾವಿಯ ವಿಷಯ, ಮೇ ತಿಂಗಳಲ್ಲೂ ನೀರಿರುತ್ತದಾ ಅಂತ. ಅದಾದ ಮೇಲೆ ಕಾರು ಅಂಗಳದ ತನಕ ಬರುತ್ತದಾ ಎಂಬ ಪ್ರಶ್ನೆ. ಕಾಗದಪತ್ರದ ಸರದಿ ಕೊನೆಗೆ. "ಎಲ್ಲ ಸರಿ ಇದೆ ಮಾರಾಯ್ರೆ, ಇಪ್ಪತ್ತು ವರ್ಷದಿಂದ ಟ್ಯಾಕ್ಸ್ ಕಟ್ತಾ ಇದ್ದೇವೆ, ಹೆಸ್ಕಾಂ ಬಿಲ್ಲೂ ನಮ್ಮ ಹೆಸರಲ್ಲೇ ಬರ್ತದೆ" ಎಂಬ ಉತ್ತರ ಬರುತ್ತದೆ. ಬಹಳ ಜನ ಅಲ್ಲಿಗೇ ಸಮಾಧಾನಪಟ್ಟುಕೊಳ್ಳುತ್ತಾರೆ.

ಟ್ಯಾಕ್ಸ್ ರಶೀದಿ ಹೇಳುವುದು ಇಷ್ಟೇ: ಈ ಮನೆಗೆ ಪಂಚಾಯತ್ ತೆರಿಗೆ ವಸೂಲಿ ಮಾಡಿದೆ. ಕರೆಂಟ್ ಬಿಲ್ ಹೇಳುವುದು: ಇಲ್ಲಿ ಮೀಟರ್ ಇದೆ. ಜಾಗ ಯಾರದ್ದು ಎಂಬುದನ್ನು ಎರಡೂ ಹೇಳುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮನೆಗೆ ಒಂದು ಜಾತಕ, ಅದರ ಕೆಳಗಿನ ಜಾಗಕ್ಕೆ ಇನ್ನೊಂದು. ಎರಡೂ ಕೂಡಿ ಬರದಿದ್ದರೆ ಮನೆ ಎಷ್ಟೇ ಚಂದ ಇರಲಿ, ಖರೀದಿ ಪತ್ರ ಆಗುವುದಿಲ್ಲ. ಒಂದು ವೇಳೆ ಪತ್ರ ಆದರೂ ಅದು ಮುಂದೆ ಉಳಿಯುವುದಿಲ್ಲ.

ಹಾಗಾಗಿ ಮನೆ ಕೊಳ್ಳುವ, ಮಾರುವ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಜಾಗದಿಂದಲೇ ಶುರು ಮಾಡೋಣ.

ಇದು ಮಾಲ್ಕಿ, ಅಂದರೆ ಖಾಸಗಿ ಒಡೆತನದ, ಜಾಗವೇ?

ಉತ್ತರ ಕನ್ನಡದ ಮುಕ್ಕಾಲು ಪಾಲಿಗಿಂತ ಜಾಸ್ತಿ ನೆಲ ಅರಣ್ಯ. ಉಳಿದದ್ದರಲ್ಲಿ ಹೊಳೆ, ಗಜನಿ (ಉಪ್ಪುನೀರು ಹತ್ತುವ ತಗ್ಗು ಗದ್ದೆ), ರಸ್ತೆ, ರೈಲು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ. ಇವುಗಳ ನಡುವೆ ಉಳಿದ ಮಾಲ್ಕಿ ಜಮೀನಿನಲ್ಲಿ ನಾವು ಮನೆ ಕಟ್ಟಿಕೊಂಡಿದ್ದೇವೆ. ಅರಣ್ಯದ ಅಂಚಿನಲ್ಲಿ ತಲೆಮಾರುಗಳಿಂದ ಅತಿಕ್ರಮಣ ಮಾಡಿಕೊಂಡು ಬದುಕುತ್ತಿರುವ ಕುಟುಂಬಗಳೂ ಸಾಕಷ್ಟಿವೆ. ಅವರ ಮನೆಗೂ ಮನೆ ನಂಬರ್ ಇರಬಹುದು, ಕರೆಂಟೂ ಇರಬಹುದು. ಮಾರುವ ಹಕ್ಕು ಮಾತ್ರ ಇಲ್ಲ.

ಅರಣ್ಯ ಹಕ್ಕು ಕಾಯ್ದೆ 2006ರ ಅಡಿ ಹಕ್ಕುಪತ್ರ ಸಿಕ್ಕಿದ್ದರೂ ಕತೆ ಅದೇ. ಆ ಹಕ್ಕು ಮಕ್ಕಳಿಗೆ ವಾರಸಾಗಿ ಹೋಗುತ್ತದೆ, ಹೊರಗಿನವರಿಗೆ ಮಾರಲು ಬರುವುದಿಲ್ಲ. ಕಾಯ್ದೆಯಲ್ಲೇ ಹಾಗೆ ಬರೆದಿದೆ. "ಹಕ್ಕುಪತ್ರ ಇದೆ, ನೂರು ರೂಪಾಯಿ ಬಾಂಡ್ ಮೇಲೆ ಬರೆದುಕೊಡ್ತೇನೆ" ಎಂದು ಯಾರಾದರೂ ಹೇಳಿದರೆ ಚಹಾ ಕುಡಿದು ಎದ್ದು ಬನ್ನಿ. ಸರ್ಕಾರಿ ಜಾಗದಲ್ಲಿದ್ದ ಮನೆಯನ್ನು ಭೂಕಂದಾಯ ಕಾಯ್ದೆಯ 94ಸಿ ಕಲಮಿನ ಅಡಿ ಸಕ್ರಮ ಮಾಡಿ ಕೊಟ್ಟ ಹಕ್ಕುಪತ್ರ, ಆಶ್ರಯ ಸೈಟು, ಯೋಜನೆಗಳಿಂದ ಎದ್ದು ಬಂದವರಿಗೆ ಕೊಟ್ಟ ಪುನರ್ವಸತಿ ನಿವೇಶನ ಇವುಗಳಿಗೆ ಮಾರಾಟದ ಷರತ್ತು ಇರುತ್ತದೆ. ಆ ಷರತ್ತು ಪತ್ರದಲ್ಲೇ ಬರೆದಿರುತ್ತದೆ. ಓದಬೇಕು, ಅಷ್ಟೇ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ವಿಷಯ ಇನ್ನೂ ಗಟ್ಟಿ. 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಕೊಂಡರೆ ಆ ಖರೀದಿಯೇ ರದ್ದಾಗುತ್ತದೆ. ನಡುವೆ ನಾಲ್ಕು ಕೈ ಬದಲಾಗಿದ್ದರೂ ಅಷ್ಟೇ.

ಘಟ್ಟದ ಮೇಲೆ, ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ, ಇನ್ನೊಂದು ಗೊಂದಲ ಇದೆ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಇರುತ್ತದೆ. ತೋಟ ಮಾರುವವರು "ಎರಡೆಕರೆ ತೋಟ, ಜೊತೆಗೆ ಇಷ್ಟೆಕರೆ ಬೆಟ್ಟ" ಎಂದು ಲೆಕ್ಕ ಹೇಳುತ್ತಾರೆ. ಕೇಳುವವರಿಗೆ ಅಷ್ಟೂ ನೆಲ ತಮ್ಮದಾಗುತ್ತದೆ ಅನ್ನಿಸುತ್ತದೆ. ಬೆಟ್ಟದಲ್ಲಿ ಇರುವುದು ಸೊಪ್ಪು ಸೌದೆ ತರುವ ಸವಲತ್ತು. ಅದು ತೋಟದ ಬಾಲ ಹಿಡಿದು ಬರುತ್ತದೆ. ಬೆಟ್ಟವನ್ನು ಬೇರೆ ಮಾಡಿ ಮಾರುವುದು, ಅಲ್ಲಿ ಸಮತಟ್ಟು ಮಾಡಿ ಮನೆ ಕಟ್ಟುವುದು ಆಗದ ಕೆಲಸ. ಬೆಂಗಳೂರಿನಿಂದ ಬಂದು ಫಾರ್ಮ್‌ಹೌಸ್ ಕನಸು ಕಾಣುವವರು ಇದನ್ನು ಎರಡು ಸಲ ಓದಬೇಕು.

ಕರಾವಳಿಯ ಗದ್ದೆ ಹಿತ್ತಲಿನ ಕತೆ ಬೇರೆ. ಇಲ್ಲಿ ಗೇಣಿ ಇತ್ತು. ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಯಾದಾಗ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ 7 ಹಾಕಿದರು, ಭೂನ್ಯಾಯಮಂಡಳಿ ತೀರ್ಮಾನ ಮಾಡಿ ಫಾರಂ 10 ಕೊಟ್ಟಿತು. ಈಗ ಯಾರಾದರೂ ಅಜ್ಜನ ಕಾಲದ, 1950ರ ಸುಮಾರಿನ ಖರೀದಿ ಪತ್ರ ತೋರಿಸಿದರೆ ಒಂದು ಪ್ರಶ್ನೆ ಕೇಳಲೇಬೇಕು: "1974ರಲ್ಲಿ ಈ ಜಾಗ ಯಾರು ಉಳುತ್ತಿದ್ದರು?" ನ್ಯಾಯಮಂಡಳಿ ಅದನ್ನು ಗೇಣಿದಾರರಿಗೆ ಕೊಟ್ಟಿದ್ದರೆ ಅಜ್ಜನ ಪತ್ರ ಕಪಾಟಿನಲ್ಲಿಡಲು ಮಾತ್ರ ಚಂದ. ಮಾರುವವರೇ ಹಳೆಯ ಗೇಣಿದಾರರ ಕುಟುಂಬದವರಾದರೆ ಫಾರಂ 10 ಮತ್ತು ಆ ಆದೇಶದ ನಕಲು ಕೇಳಿ. ಹೀಗೆ ಸಿಕ್ಕ ಜಮೀನನ್ನು 15 ವರ್ಷ ಮಾರಬಾರದು ಎಂಬ ನಿಯಮವಿತ್ತು. ಹೆಚ್ಚಿನ ಕಡೆ ಆ ಅವಧಿ ಎಂದೋ ಮುಗಿದಿದೆ. ಆದರೆ ಅವಧಿಯ ಒಳಗೇ ಒಂದು ಮಾರಾಟ ನಡೆದುಹೋಗಿದ್ದರೆ ಆ ದೋಷ ಈಗಲೂ ಕಾಗದದಲ್ಲಿ ಕೂತಿರುತ್ತದೆ.

ಎನ್‌ಎ ಆಗಿರಲೇಬೇಕಾ?

ಎನ್‌ಎ ಅಂದರೂ ಬಿನ್‌ಶೇತ್ಕಿ ಅಂದರೂ ಒಂದೇ: ಕೃಷಿ ಜಮೀನನ್ನು ಮನೆಗೋ ಅಂಗಡಿಗೋ ಬಳಸಲು ಭೂಕಂದಾಯ ಕಾಯ್ದೆಯ 95ನೇ ಕಲಮಿನ ಅಡಿ ಸಿಗುವ ಅನುಮತಿ. ತೋಟದೊಳಗಿನ ಹಳೆಯ ಮನೆಗಳಿಗೆ ಇದು ಇರುವುದಿಲ್ಲ. ತನ್ನ ಹಿಡುವಳಿಯ ಶೇಕಡಾ 10ರ ಮಿತಿಯೊಳಗೆ ಕೃಷಿಕ ವಾಸಕ್ಕೆ ಮನೆ ಕಟ್ಟಿಕೊಳ್ಳಲು ಕಾಯ್ದೆಯೇ ಬಿಟ್ಟಿದೆ, ಹಾಗಾಗಿ ಅದು ತಪ್ಪಲ್ಲ. ಆದರೆ ಅದನ್ನು ಕೊಳ್ಳುವಾಗ ನೀವು ಕೊಳ್ಳುತ್ತಿರುವುದು ಕೃಷಿ ಜಮೀನು, ಅದರೊಳಗೆ ಒಂದು ಮನೆ ಇದೆ ಎಂದು ತಿಳಿದುಕೊಂಡರೆ ಸರಿ. ಗೃಹಸಾಲ ಸಿಗುವುದು ಕಷ್ಟ. ಆ ಮನೆಯನ್ನಷ್ಟೇ ಐದು ಗುಂಟೆ ಬೇರೆ ಮಾಡಿ ಕೊಡಿ ಎಂದರೆ ಕೆಲಸ ಇನ್ನೂ ಜಾಸ್ತಿ.

ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಹುದಾ ಎಂದು ಈಗಲೂ ಕೇಳುತ್ತಾರೆ. ಕೊಳ್ಳಬಹುದು. ಅದನ್ನು ತಡೆಯುತ್ತಿದ್ದ 79ಎ, 79ಬಿ ಕಲಮುಗಳು 2020ರಲ್ಲೇ ಹೋದವು.

ಯಾವ ಯಾವ ಕಾಗದ ನೋಡಬೇಕು?

ಪಹಣಿ, ಹಳಬರ ಬಾಯಲ್ಲಿ ಉತಾರ. ಕಾಲಂ 9ರಲ್ಲಿ ಮಾಲೀಕರ ಹೆಸರಿದೆ ಎಂದು ನೋಡಿ ಖುಷಿಪಡುತ್ತೇವೆ. ನಿಜವಾಗಿ ನೋಡಬೇಕಾದದ್ದು ಕಾಲಂ 11. ಸೊಸೈಟಿಯ ಬೆಳೆಸಾಲದ ಬೋಜಾ (ಅಂದರೆ ಹೊರೆ), ಬ್ಯಾಂಕಿನ ಬೋಜಾ, ಕೋರ್ಟಿನ ತಡೆ, ಭೂಸ್ವಾಧೀನದ ನಮೂದು ಎಲ್ಲ ಅಲ್ಲಿ ಬರುತ್ತವೆ. ನಮ್ಮಲ್ಲಿ ಸೊಸೈಟಿ ಸಾಲವಿಲ್ಲದ ತೋಟ ಹುಡುಕಬೇಕು, ಅಲ್ವಾ? ಸಾಲ ತೀರಿ ಹತ್ತು ವರ್ಷವಾದರೂ ಬೋಜಾ ತೆಗೆಸದೆ ಬಿಟ್ಟವರು ಬಹಳ. ಅದನ್ನು ಮಾರುವವರೇ ಮೊದಲು ಕಮ್ಮಿ ಮಾಡಿಸಿಕೊಡಬೇಕು.

ವಿಸ್ತೀರ್ಣ ಓದುವಾಗಲೂ ಜಾಗ್ರತೆ. ಪಹಣಿಯಲ್ಲಿ 0.05.08 ಎಂದಿದ್ದರೆ ಅದು ಎಕರೆ, ಗುಂಟೆ, ಆಣೆ. ಗುಂಟೆಗೆ 16 ಆಣೆ. ಅಂದರೆ ಐದೂವರೆ ಗುಂಟೆ, ಸುಮಾರು 5990 ಚದರ ಅಡಿ. ಇದನ್ನು ಐದು ಪಾಯಿಂಟ್ ಸೊನ್ನೆ ಎಂಟು ಎಂದು ಓದಿದರೆ 450 ಅಡಿಗಿಂತ ಜಾಸ್ತಿ ಲೆಕ್ಕ ತಪ್ಪುತ್ತದೆ. ಖರಾಬು ಎಷ್ಟಿದೆ ಎಂದೂ ನೋಡಿ. 'ಎ' ಖರಾಬು ಸಾಗುವಳಿಗೆ ಬಾರದ ನೆಲ. 'ಬಿ' ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ಅದು ಮಾರುವವರದ್ದಲ್ಲ, ಅದಕ್ಕೆ ಹಣ ಕೊಡಬೇಕಾಗಿಲ್ಲ.

ಪಹಣಿಯಲ್ಲಿ ಹೆಸರು ಬಂದದ್ದು ಹೇಗೆ ಎಂಬುದಕ್ಕೆ ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ದಾಖಲೆ, ನೋಡಬೇಕು. ಇದನ್ನು ಯಾಕೋ ಯಾರೂ ಕೇಳುವುದಿಲ್ಲ. ತಂದೆ ತೀರಿಕೊಂಡ ಮೇಲೆ ಹಿರಿಯ ಮಗನ ಹೆಸರು ಮಾತ್ರ ಪೌತಿ ಖಾತೆಯಲ್ಲಿ ಬಂದಿರಬಹುದು. ಪಹಣಿ ನೋಡಿದರೆ ಅವನೊಬ್ಬನೇ ಮಾಲೀಕ. ಮ್ಯುಟೇಶನ್ ತೆಗೆದು ನೋಡಿದರೆ ಇಬ್ಬರು ತಂಗಿಯರು, ಮುಂಬೈಯಲ್ಲಿರುವ ತಮ್ಮ ಎಲ್ಲರೂ ಹೊರಗೆ ಬರುತ್ತಾರೆ. ಪಹಣಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ.

ಮೂರನೆಯದು ಇಸಿ, ಅಂದರೆ ಋಣಭಾರ ಪತ್ರ. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ವ್ಯವಹಾರ ಕಂಡರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16. ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಬೇಕು. ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ. ಖಾಸಗಿಯವರು ಸ್ವಾಧೀನಕ್ಕೆ ದಾವೆ ಹೂಡಲು 12 ವರ್ಷ, ಸರ್ಕಾರಕ್ಕೆ 30 ವರ್ಷ ಕಾಲಮಿತಿ ಇದೆ. 30 ವರ್ಷ ನೋಡಿದರೆ ಎರಡೂ ಅದರೊಳಗೆ ಬರುತ್ತವೆ.

ಇಸಿಯನ್ನು ಪೂರ್ತಿ ನಂಬಿದವರು ಎಡವುವುದು ಎರಡು ಕಡೆ. ಅದರಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ಬಾಯಿಮಾತಿನ ಪಾಲು, ನೋಂದಣಿಯಾಗದ ವಿಲ್ಲು, ಕುಮಟಾ ಕೋರ್ಟಿನಲ್ಲಿ ನಡೆಯುತ್ತಿರುವ ಪಾಲಿನ ದಾವೆ ಯಾವುದೂ ಕಾಣದೆ ಹೋಗಬಹುದು. ದಾವೆಯನ್ನು ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು ಹಾಕಿ ಹುಡುಕಬಹುದು, ಹತ್ತು ನಿಮಿಷದ ಕೆಲಸ. ಇನ್ನೊಂದು, ಇಸಿ ಹುಡುಕುವುದು ನೀವು ಕೊಟ್ಟ ವಿವರದ ಮೇಲೆ. ಹಿಂದಿನ ಪತ್ರದಲ್ಲಿ ಮನೆ ನಂಬರ್ ಅಥವಾ ಸಿಟಿ ಸರ್ವೆ ನಂಬರ್ ಬರೆದಿದ್ದು, ನೀವು ಸರ್ವೆ ನಂಬರ್ ಕೊಟ್ಟು ಹುಡುಕಿದರೆ ಆ ವ್ಯವಹಾರ ತಪ್ಪಿಸಿಕೊಳ್ಳಬಹುದು. ಎಲ್ಲ ನಂಬರಿನಿಂದಲೂ ಹುಡುಕಿಸಿ. ಸಿಟಿ ಸರ್ವೆ ಆದ ಪೇಟೆಯ ಮನೆಗಳಿಗೆ ಪಹಣಿ ಬದಲು ಪ್ರಾಪರ್ಟಿ ಕಾರ್ಡ್ ನೋಡಬೇಕಾಗುತ್ತದೆ.

ಕೊನೆಗೆ ಖಾತಾ, ಅಂದರೆ ಪಂಚಾಯತ್ ಅಥವಾ ನಗರಸಭೆಯ ಆಸ್ತಿ ದಾಖಲೆ. 2024ರಿಂದ ಇ-ಖಾತಾ ಇಲ್ಲದೆ ಮನೆ, ನಿವೇಶನಗಳ ನೋಂದಣಿ ಆಗುವುದಿಲ್ಲ. ಹಳ್ಳಿಯಲ್ಲಾದರೆ ಪಂಚಾಯತ್‌ನ ಇ-ಸ್ವತ್ತು ವ್ಯವಸ್ಥೆಯ ಫಾರಂ 9 ಮತ್ತು 11ಎ. 11ಬಿ ಅಂದರೆ ಎನ್‌ಎ ಅಥವಾ ಲೇಔಟ್ ಮಂಜೂರಾತಿಯಂಥದ್ದು ಏನೋ ಬಾಕಿ ಇದೆ ಎಂದು ಅರ್ಥ. ಕಾರವಾರ, ಶಿರಸಿಯಂಥ ನಗರಸಭೆ ವ್ಯಾಪ್ತಿಯಲ್ಲಿ 2025ರಿಂದ ಬಿ-ಖಾತಾ ಕೊಡಲು ಶುರು ಮಾಡಿದ್ದಾರೆ. ಬಿ-ಖಾತಾ ಸಿಕ್ಕಿತು ಎಂದರೆ ತೆರಿಗೆ ಪಟ್ಟಿಗೆ ಸೇರಿತು ಎಂದಷ್ಟೇ. ಕಟ್ಟಡ ಸಕ್ರಮವಾಯಿತು ಎಂದು ದಲ್ಲಾಳಿ ಹೇಳಿದರೆ ತಲೆ ಆಡಿಸಬೇಡಿ.

ಸರ್ವೆ ನಂಬರಿನ ಒಂದು ತುಂಡು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕೇ ಬೇಕು. ಸರ್ವೆಯವರು ಬಂದು ಅಳೆದು ಕೊಡುವ ತನಕ ಕಾಯಬೇಕು. ಇದರಲ್ಲಿ ಅವಸರ ನಡೆಯುವುದಿಲ್ಲ. ಹಾಗಂತ ಬೇಸರವೂ ಬೇಡ. ಹಿಂದೆ ಅಳತೆಯಿಲ್ಲದೆ "ಪೂರ್ವಕ್ಕೆ ಮಾವಿನ ಮರ" ಎಂದು ಚೆಕ್ಕುಬಂದಿ ಬರೆದು, ಮರ ಬಿದ್ದ ಮೇಲೆ ಶುರುವಾದ ವ್ಯಾಜ್ಯಗಳು ಇನ್ನೂ ಮುಗಿದಿಲ್ಲ.

ಫ್ಲ್ಯಾಟ್ ಕೊಳ್ಳುವವರಿಗೆ ಇದರಲ್ಲಿ ಅರ್ಧ ಕೆಲಸ ಕಮ್ಮಿ. ನೆಲ 500 ಚದರ ಮೀಟರಿಗಿಂತ ಜಾಸ್ತಿ, ಮನೆಗಳೂ ಎಂಟಕ್ಕಿಂತ ಜಾಸ್ತಿ ಇದ್ದರೆ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿರಬೇಕು. ಅಲ್ಲಿ ಹುಡುಕಿ ನೋಡಿ.

ಯಾರೆಲ್ಲ ಸಹಿ ಹಾಕಬೇಕು?

ಹೆಚ್ಚಿನ ಜಗಳ ಹುಟ್ಟುವುದು ಇಲ್ಲಿ. "ಅಕ್ಕಂದಿರಿಗೆ ಮದುವೆಯಲ್ಲೇ ಕೊಟ್ಟಾಗಿದೆ, ಅವರದ್ದೇನೂ ಇಲ್ಲ" ಎಂಬ ಮಾತು ಊರೂರಲ್ಲಿ ಕೇಳುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ಪಾಲುಪತ್ರ ಅಥವಾ ಕೋರ್ಟ್ ಡಿಕ್ರಿಯಿಂದ ವಿಭಾಗವಾಗಿದ್ದರೆ ಅದು ಉಳಿಯುತ್ತದೆ. ಬಾಯಿಮಾತಿನ ಪಾಲು ನಡೆದಿತ್ತು ಎಂದು ಈಗ ಹೇಳಿಕೊಂಡು ಬಂದರೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ತಂದೆ ಸ್ವಂತ ದುಡಿಮೆಯಿಂದ ಕಟ್ಟಿದ ಮನೆ, ವಿಲ್ಲು ಇಲ್ಲ ಎಂದಾದರೆ ಹೆಂಡತಿ, ಮಕ್ಕಳು ಎಲ್ಲರಿಗೂ ಸಮಪಾಲು. ಹೆಣ್ಣುಮಕ್ಕಳನ್ನು ಮರೆಯುವ ಹಾಗೆ ತೀರಿಕೊಂಡವರ ತಾಯಿಯನ್ನೂ ಮರೆಯುತ್ತಾರೆ. ಅಜ್ಜಿಗೂ ಪಾಲಿದೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ವಾರಸಾ ಕಾನೂನೇ ಬೇರೆ. ಭಟ್ಕಳದಲ್ಲೋ ಕಾರವಾರದಲ್ಲೋ ಅಂಥ ಮನೆ ಕೊಳ್ಳುವಾಗ ಅದನ್ನು ತಿಳಿದ ವಕೀಲರ ಹತ್ತಿರ ವಂಶವೃಕ್ಷ ಇಟ್ಟು ಪಾಲಿನ ಲೆಕ್ಕ ಬರೆಸಿಕೊಳ್ಳಿ. ಚಿಕ್ಕ ಮಗುವಿನ ಹೆಸರಲ್ಲಿ ಸ್ವಂತ ಆಸ್ತಿ ಇದ್ದರೆ ತಂದೆತಾಯಿ ಸಹಿ ಹಾಕಿದರೆ ಸಾಲದು, ಕೋರ್ಟಿನ ಅನುಮತಿ ಬೇಕು. ಇಲ್ಲದಿದ್ದರೆ ಮಗು 18 ದಾಟಿದ ಮೇಲೆ ಮೂರು ವರ್ಷದೊಳಗೆ ಆ ಮಾರಾಟವನ್ನು ಪ್ರಶ್ನಿಸಬಹುದು.

ತಂಗಿಯ ಹತ್ತಿರ ಸಹಿ ಕೇಳಲು ಮುಜುಗರ, ಹೇಳದೆ ಮಾರಿಬಿಡೋಣ ಎಂದುಕೊಳ್ಳುವ ಅಣ್ಣಂದಿರಿಗೆ ಒಂದು ಮಾತು. ಕೊಳ್ಳುವವರ ವಕೀಲರು ಹೇಗೂ ಕೇಳುತ್ತಾರೆ. ವ್ಯವಹಾರ ಅರ್ಧಕ್ಕೆ ನಿಂತ ಮೇಲೆ ಕೇಳುವುದಕ್ಕಿಂತ ಮೊದಲೇ ಹೋಗಿ ಕೂತು ಮಾತಾಡಿದರೆ ಸಂಬಂಧವೂ ಉಳಿಯುತ್ತದೆ, ರೇಟೂ ಉಳಿಯುತ್ತದೆ.

ಗಲ್ಫಿನಲ್ಲಿ, ಮುಂಬೈಯಲ್ಲಿ ಇರುವವರು ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಕಳಿಸುತ್ತಾರೆ. ಅದರ ಮೇಲೆ ಖರೀದಿ ಪತ್ರ ಮಾಡಬಹುದು. ವಿದೇಶದಲ್ಲಿ ಮಾಡಿದ ಮುಖತ್ಯಾರ ಪತ್ರ ಅಲ್ಲಿನ ನೋಟರಿ ಅಥವಾ ಭಾರತದ ರಾಯಭಾರ ಕಚೇರಿಯ ಮುಂದೆ ಆಗಿರಬೇಕು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಹಾಕಿಸಬೇಕು. ಕೊಟ್ಟವರು ಬದುಕಿದ್ದಾರಾ, ಪತ್ರ ರದ್ದು ಮಾಡಿಲ್ಲವಾ ಎಂದು ಒಂದು ವಿಡಿಯೋ ಕಾಲ್ ಮಾಡಿ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಮುಖತ್ಯಾರ ಪತ್ರವನ್ನೇ ಮಾರಾಟ ಎಂದು ತಿಳಿದು ಹಣ ಕೊಟ್ಟು ಕೂರುವುದು ಬೇರೆ ವಿಷಯ. ಅದರಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಸಮುದ್ರದ ಹತ್ತಿರ ಇದ್ದರೆ?

ಗೋಕರ್ಣದಲ್ಲೋ ಮುರ್ಡೇಶ್ವರದಲ್ಲೋ ಅಲೆಯ ಸದ್ದು ಕೇಳುವ ಹಳೇ ಮನೆ ಕೊಂಡು ಹೋಂಸ್ಟೇ ಮಾಡುವ ಆಸೆ ಈಗ ಎಲ್ಲರಿಗೂ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಂದರೆ ಮಾರಾಟಕ್ಕೆ ತಡೆ ಎಂದು ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ಮಾರಬಹುದು, ಕೊಳ್ಳಬಹುದು. ತಡೆ ಇರುವುದು ಕಟ್ಟುವುದಕ್ಕೆ. ಭರತದ ಗೆರೆಯಿಂದ, ಅಂದರೆ ಉಬ್ಬರದ ನೀರು ಬಂದು ಮುಟ್ಟುವ ಗೆರೆಯಿಂದ, 500 ಮೀಟರ್ ತನಕ ಈ ನಿಯಮ ನಡೆಯುತ್ತದೆ. 2019ರ ಅಧಿಸೂಚನೆಯಂತೆ ಹಳ್ಳಿಗಳಲ್ಲಿ ಮೊದಲ 200 ಮೀಟರ್ ಹೊಸ ಕಟ್ಟಡವಿಲ್ಲದ ಪಟ್ಟಿ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇದ್ದ ಹಳ್ಳಿಗೆ ಅದು 50 ಮೀಟರ್. ಆ ಪಟ್ಟಿಯೊಳಗಿನ ಅಧಿಕೃತ ಹಳೇ ಮನೆಯನ್ನು ರಿಪೇರಿ ಮಾಡಬಹುದು, ಇದ್ದ ಪಾಯದಷ್ಟೇ ಮತ್ತೆ ಕಟ್ಟಬಹುದು. ಮೇಲೊಂದು ಮಹಡಿ, ಪಕ್ಕದಲ್ಲಿ ನಾಲ್ಕು ಕಾಟೇಜ್ ಎಂದರೆ ಆಗದು. ಆ ಆಸೆಯ ಮೇಲೆ ರೇಟು ಕೇಳುವವರಿಗೆ ಇದನ್ನೇ ಹೇಳಿ ಇಳಿಸಿ.

ಹೊಳೆಯಂಚಿನವರೂ ಇದರೊಳಗೆ ಬರುತ್ತಾರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲದರಲ್ಲೂ ಉಪ್ಪುನೀರು ಸಾಕಷ್ಟು ಒಳಗೆ ಹತ್ತುತ್ತದೆ. ಬೇಸಿಗೆಯಲ್ಲಿ ನೀರಿನ ಉಪ್ಪು ಸಾವಿರಕ್ಕೆ 5 ಭಾಗ ಇರುವ ಜಾಗದ ತನಕ ಸಿಆರ್‌ಝಡ್ ಇರುತ್ತದೆ. ಅಲ್ಲಿ ದಡದಿಂದ 50 ಮೀಟರ್, ಅಥವಾ ಹೊಳೆಯೇ ಅದಕ್ಕಿಂತ ಕಿರಿದಾದರೆ ಅದರ ಅಗಲದಷ್ಟು. ಸಮುದ್ರ ಕಾಣುವುದಿಲ್ಲ, ನಮಗೇನು ಎಂದುಕೊಂಡು ಗಜನಿ ಪಕ್ಕದ ಜಾಗ ಕೊಂಡವರು ಪರವಾನಗಿ ಕೇಳಲು ಹೋದಾಗ ಕಣ್ಣು ಬಿಡುತ್ತಾರೆ. ಸರ್ವೆ ನಂಬರ್ ಹಿಡಿದುಕೊಂಡು ಕರಾವಳಿ ವಲಯದ ನಕ್ಷೆ ನೋಡಿಸಿ.

ದಾರಿಯದ್ದೂ ಹಾಗೇ. ತೆಂಗಿನ ತೋಟದೊಳಗಿನ ಮನೆಗೆ ಈಗ ಹೋಗುವ ದಾರಿ ಯಾರ ಜಾಗದಲ್ಲಿದೆ? ನೆರೆಯವರು ಪ್ರೀತಿಯಿಂದ ಬಿಟ್ಟ ಕಾಲುದಾರಿ ಇರಬಹುದು. ಅವರು ನಾಳೆ ಪಾಗಾರ ಹಾಕಿದರೆ? 20 ವರ್ಷ ಹಕ್ಕಿನಿಂದ, ಅಡ್ಡಿಯಿಲ್ಲದೆ ಓಡಾಡಿದ್ದರೆ ದಾರಿಯ ಹಕ್ಕು ಕೇಳಬಹುದು. ಅನುಮತಿ ಕೇಳಿ ಓಡಾಡಿದ್ದಕ್ಕೆ ಆ ಹಕ್ಕು ಬರುವುದಿಲ್ಲ. ಕೋರ್ಟಿಗೆ ಹೋಗಿ ಸಾಬೀತು ಮಾಡುವ ಬದಲು ದಾರಿಯ ಅಗಲ, ಬಾವಿಯ ಪಾಲು, ಮಳೆನೀರು ಹರಿದು ಹೋಗುವ ಕಾಲುವೆ ಇವನ್ನೆಲ್ಲ ನೆರೆಯವರ ಸಹಿಯೊಂದಿಗೆ ಬರೆಸಿ ನೋಂದಣಿ ಮಾಡಿಸುವುದು ಮೇಲು. ಹೆದ್ದಾರಿ 66ರ ಬದಿಯ ಅಥವಾ ಕುಮಟಾ–ಶಿರಸಿ ರಸ್ತೆ ಬದಿಯ ಜಾಗವಾದರೆ ಸ್ವಾಧೀನದ ಅಧಿಸೂಚನೆಯಲ್ಲಿ ಆ ಸರ್ವೆ ನಂಬರ್ ಇದೆಯಾ ಎಂದೂ ನೋಡಬೇಕು. ಸ್ವಾಧೀನವಾದ ನೆಲವನ್ನು ಮಾಲೀಕರು ಮಾರಲು ಬರುವುದಿಲ್ಲ.

ಸಂಚಕಾರ ಕೊಟ್ಟರೆ ಮನೆ ನಮ್ಮದಾಯಿತಾ?

ಇಲ್ಲ. ಸಂಚಕಾರ ಪತ್ರ, ಅಂದರೆ ಖರೀದಿ ಕರಾರು, ಮುಂದೆ ಮಾರುತ್ತೇನೆ ಎಂಬ ಮಾತು ಮಾತ್ರ. ನೂರು ರೂಪಾಯಿ ಮೇಲ್ಪಟ್ಟ ಸ್ಥಿರಾಸ್ತಿಯ ಮಾಲೀಕತ್ವ ನೋಂದಣಿಯಾದ ಖರೀದಿ ಪತ್ರದಿಂದಲೇ ಬದಲಾಗಬೇಕು. 1882ರ ಕಾಯ್ದೆ ಇದು, ಈಗಲೂ ಹಾಗೇ ಇದೆ. ಮಾರುವವರು ಹಿಂದೆ ಸರಿದರೆ ಕರಾರಿನಂತೆ ಬರೆದುಕೊಡಿ ಎಂದು ದಾವೆ ಹೂಡಬಹುದು, ಮೂರು ವರ್ಷದೊಳಗೆ.

ಕರಾರಿನಲ್ಲಿ ಏನು ಬರೆಸಬೇಕು ಎಂದರೆ, ನೀವು ಮೇಲಿನ ಪರೀಕ್ಷೆಯಲ್ಲಿ ಕಂಡ ಪ್ರತಿ ಕೊರತೆಯನ್ನೂ. ಬೋಜಾ ಯಾರು ತೆಗೆಸಬೇಕು, 11ಇ ನಕ್ಷೆ ಯಾರು ಮಾಡಿಸಬೇಕು, ತಂಗಿಯರು ಯಾವತ್ತು ಬಂದು ಸಹಿ ಹಾಕಬೇಕು, ಆಗದಿದ್ದರೆ ಸಂಚಕಾರ ಎಷ್ಟು ದಿನದಲ್ಲಿ ವಾಪಸ್. ಕಾಗದ ನೋಡುವ ಮೊದಲೇ ದೊಡ್ಡ ಮೊತ್ತ ಕೊಟ್ಟವರಿಗೆ ಇದ್ಯಾವುದನ್ನೂ ಕೇಳುವ ಬಲ ಇರುವುದಿಲ್ಲ. ಕರಾರಿನಲ್ಲೇ ಮನೆಯ ಸ್ವಾಧೀನ ಕೊಟ್ಟರೆ ಖರೀದಿ ಪತ್ರದಷ್ಟೇ ಸ್ಟ್ಯಾಂಪ್ ಬೀಳುತ್ತದೆ ಎಂಬುದೂ ನೆನಪಿರಲಿ. ಹಣವನ್ನು ಬ್ಯಾಂಕಿನ ಮೂಲಕ ಕೊಡಿ. 20,000 ರೂಪಾಯಿ ಅಥವಾ ಜಾಸ್ತಿ ನಗದಾಗಿ ತೆಗೆದುಕೊಂಡ ಮಾರಾಟಗಾರರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಖರ್ಚು ಎಷ್ಟು?

ನೀವು ಕೊಟ್ಟ ಬೆಲೆ ಅಥವಾ ಸರ್ಕಾರದ ಮಾರ್ಗಸೂಚಿ ಬೆಲೆ, ಯಾವುದು ಜಾಸ್ತಿಯೋ ಅದರ ಮೇಲೆ ಲೆಕ್ಕ. ಕುಮಟಾ ಪೇಟೆಯಲ್ಲಿ 40 ಲಕ್ಷದ ಹಳೇ ಮನೆ ಎಂದುಕೊಳ್ಳಿ. ಸ್ಟ್ಯಾಂಪ್ ಶುಲ್ಕ ಶೇ. 5, ಅಂದರೆ 2,00,000. ಆ ಶುಲ್ಕದ ಮೇಲೆ ಶೇ. 10 ಸೆಸ್, 20,000. ಪೇಟೆಯಾದ್ದರಿಂದ ಶುಲ್ಕದ ಮೇಲೆ ಶೇ. 2 ಸರ್ಚಾರ್ಜ್, 4,000. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಯಿತು, ಹಾಗಾಗಿ 80,000. ಒಟ್ಟು 3,04,000. ಅದೇ ಮನೆ ಹಳ್ಳಿಯಲ್ಲಿದ್ದರೆ ಸರ್ಚಾರ್ಜ್ ಶೇ. 3, ಎರಡು ಸಾವಿರ ಜಾಸ್ತಿ. ಇದರ ಮೇಲೆ ವಕೀಲರ, ಬಾಂಡ್ ರೈಟರ್ ಫೀಸು.

ಕಾಗದದಲ್ಲಿ ಕಮ್ಮಿ ತೋರಿಸೋಣ ಎಂಬ ಸಲಹೆ ಬರದೆ ಇರುವುದಿಲ್ಲ. ಕೊಳ್ಳುವವರಿಗೆ ಅದರಲ್ಲಿ ನಷ್ಟವೇ ಜಾಸ್ತಿ. ಬ್ಯಾಂಕ್ ಸಾಲ ಕಾಗದದ ಬೆಲೆಗೆ ಸಿಗುತ್ತದೆ. ನಾಳೆ ನೀವು ಮಾರುವಾಗ ಲಾಭ ದೊಡ್ಡದಾಗಿ ಕಂಡು ತೆರಿಗೆ ನಿಮ್ಮ ತಲೆಗೆ ಬರುತ್ತದೆ. ವ್ಯವಹಾರ ಕೆಟ್ಟರೆ ಕೈಯಲ್ಲಿ ಕೊಟ್ಟ ಹಣಕ್ಕೆ ಸಾಕ್ಷಿಯೂ ಇರುವುದಿಲ್ಲ.

ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಹಿಡಿದು ಕಟ್ಟಬೇಕು. ಮಾರುವವರು ದುಬೈಯಲ್ಲೋ ಮಸ್ಕತ್‌ನಲ್ಲೋ ನೆಲೆಸಿದ ಅನಿವಾಸಿಯಾದರೆ ಈ 50 ಲಕ್ಷದ ಮಿತಿ ಇಲ್ಲ, ದರವೂ ಶೇ. 1ಕ್ಕಿಂತ ಬಹಳ ಜಾಸ್ತಿ. ಹಿಡಿಯದೆ ಪೂರ್ತಿ ಹಣ ಕೊಟ್ಟರೆ ಇಲಾಖೆ ಹಿಡಿಯುವುದು ಕೊಳ್ಳುವವರನ್ನು. ಭಟ್ಕಳ, ಹೊನ್ನಾವರದ ಕಡೆ ಇದು ದಿನದ ಪ್ರಶ್ನೆ, ಒಬ್ಬ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಮಾರುವವರ ತೆರಿಗೆ: ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಮನೆಯ ಲಾಭಕ್ಕೆ ಶೇ. 12.5. 2024ರ ಜುಲೈ 23ಕ್ಕಿಂತ ಮೊದಲು ಕೊಂಡದ್ದಾದರೆ ಇಲ್ಲಿ ವಾಸವಿರುವವರು ಹಳೇ ಲೆಕ್ಕದಂತೆ, ಬೆಲೆಯೇರಿಕೆ ಕಳೆದು ಶೇ. 20 ಹಾಕಿ ನೋಡಿ, ಕಮ್ಮಿಯಾದದ್ದನ್ನು ಕಟ್ಟಬಹುದು. ಲಾಭದಿಂದ ಇನ್ನೊಂದು ಮನೆ ಕೊಂಡರೆ ವಿನಾಯಿತಿ ಇದೆ.

ನೋಂದಣಿ ದಿನ, ಆಮೇಲೆ

ಈಗ ಪತ್ರದ ಕರಡನ್ನು ಮೊದಲೇ ಕಾವೇರಿಯಲ್ಲಿ ಹಾಕಬೇಕು. ಕಚೇರಿಯವರು ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸಮಯ ತೆಗೆದುಕೊಳ್ಳುವುದು. ಆ ದಿನ ಹೋಗಿ ಫೋಟೋ, ಹೆಬ್ಬೆಟ್ಟು, ಸಹಿ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಶಿರಸಿಯ ಮನೆಯನ್ನು ಅಂಕೋಲೆಯಲ್ಲಿ ಬರೆದರೂ ನಡೆಯುತ್ತದೆ. ವಯಸ್ಸಾದವರಿಗೆ ಘಟ್ಟ ಹತ್ತಿ ಇಳಿಯುವ ಕಷ್ಟ ತಪ್ಪಿತು. ಸಹಿ ಮಾಡಿದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರು ಮಾಡಬೇಕು.

ಪತ್ರ ಕೈಗೆ ಬಂದ ಮೇಲೆ ಪೇಡೆ ಹಂಚಿ ಮರೆತುಬಿಡುವವರೇ ಜಾಸ್ತಿ. ಪಹಣಿ ಇರುವ ಜಾಗವಾದರೆ ಮಾಹಿತಿ ತಾನಾಗಿ ಭೂಮಿ ವ್ಯವಸ್ಥೆಗೆ ಹೋಗುತ್ತದೆ, ತಕರಾರಿನ ಅವಧಿ ಕಳೆದು ಹೆಸರು ಬದಲಾಗುತ್ತದೆ. ಆಯಿತಾ ಎಂದು ನೀವೇ ಪಹಣಿ ತೆಗೆದು ನೋಡಬೇಕು. ಪಂಚಾಯತ್ ಅಥವಾ ನಗರಸಭೆಯ ಖಾತಾ, ಹೆಸ್ಕಾಂ ಮೀಟರ್, ನಳದ ಸಂಪರ್ಕ ಒಂದೊಂದೇ ಹೆಸರು ಬದಲಿಸಿಕೊಳ್ಳಿ. ಹೊಸ ಇಸಿ ತೆಗೆದು ನಿಮ್ಮ ಖರೀದಿ ಅದರಲ್ಲಿ ಬಂದಿದೆಯಾ ನೋಡಿ.

ಮೂಲ ಕಾಗದಗಳು ಯಾರ ಹತ್ತಿರ ಇರಬೇಕು ಎಂಬುದೂ ಆಗಾಗ ಕೇಳುವ ಪ್ರಶ್ನೆ. ಪೂರ್ತಿ ಆಸ್ತಿ ಕೊಂಡಿದ್ದರೆ ಹಳೆಯ ಖರೀದಿ ಪತ್ರ, ಪಾಲುಪತ್ರ, ಫಾರಂ 10, ಎನ್‌ಎ ಆದೇಶ ಎಲ್ಲ ನಿಮಗೆ. ಮಾರುವವರು ಸ್ವಲ್ಪ ಜಾಗ ತಮಗೇ ಇಟ್ಟುಕೊಂಡಿದ್ದರೆ ಮೂಲಪತ್ರ ಅವರ ಹತ್ತಿರ ಉಳಿಯುತ್ತದೆ, ನಿಮಗೆ ದೃಢೀಕೃತ ನಕಲು ಸಿಗುತ್ತದೆ. ಬೇಕಾದಾಗ ಮೂಲಪತ್ರ ತೋರಿಸುವ ಜವಾಬ್ದಾರಿ ಅವರದ್ದು. ಆ ಸಾಲನ್ನು ನಿಮ್ಮ ಖರೀದಿ ಪತ್ರದಲ್ಲೇ ಬರೆಸಿಕೊಳ್ಳಿ. ಮುಂದೊಂದು ದಿನ ನಿಮ್ಮ ಮನೆ ಕೊಳ್ಳಲು ಬಂದವರ ವಕೀಲರು ಅದನ್ನೇ ಮೊದಲು ಕೇಳುತ್ತಾರೆ.